ಬರೀ ಚರ್ಚ್ ಸಂಗೀತ ಹಾಡ್ಕೊಂಡು ಜೀವನ ಮಾಡ್ಲಿಕ್ಕೆ ಆಗ್ತದಾ? ಈ ಜರ್ಮನ್ ಟೆನರ್‌ಗಳ (ಏರು ದನಿಯ ಗಂಡಸು ಗಾಯಕರ) ಕೆಲ್ಸ ಎಂತ ಅಂತ ಗೊತ್ತಿದ್ದವ್ರು ಹೇಳಿ

ಕಾಳಿನದಿ_ದಂಡೆ:

ಎಲ್ರಿಗೂ ನಮಸ್ಕಾರ. ಇದು ಇಲ್ಲಿ ಕೇಳೋ ಪ್ರಶ್ನೆ ಹೌದೋ ಅಲ್ಲೋ ಗೊತ್ತಿಲ್ಲ, ತಪ್ಪಾದ್ರೆ ಅಡ್ಮಿನ್ ತೆಗೆದ್ರೂ ಅಡ್ಡಿಲ್ಲ.

ನಾನು ಸಿರ್ಸಿ ಕಡೆಯವ, ನೌಕರಿ ಕಾರವಾರದಲ್ಲಿ, ಬಾಡಿಗೆ ಮನೆ. ಗೋಡೆ ಆಚೆ ಕೊಂಕಣಿ ಕ್ರಿಶ್ಚಿಯನ್ ಕುಟುಂಬ. ಅವ್ರ ಮನೆ ಅಜ್ಜ ಹಡಗಿನಲ್ಲಿ ಕೆಲ್ಸ ಮಾಡಿ ರಿಟೈರ್ ಆದವ್ರು, ಈಸ್ಟರ್ ಮುಂಚಿನ 40 ದಿನ ದಿನಾ ಸಂಜೆ ಒಂದೇ ಸಂಗೀತ ಹಾಕ್ತಾರೆ. ಮೊದಲು ನಂಗೆ ಯಾರೋ ಹಾಡಲ್ಲೇ ಜಗಳ ಆಡ್ತಿದ್ದಾರೆ ಅನ್ನಿಸ್ತು. ಒಬ್ಬ ಏರು ದನಿಯಲ್ಲಿ ಏನೋ ಹೇಳ್ತಾ ಹೋಗ್ತಾನೆ, ತಾಳ ಇಲ್ಲ, ಪಲ್ಲವಿ ಇಲ್ಲ, ಮಧ್ಯ ಇನ್ನೊಬ್ಬ ದಪ್ಪ ದನಿಯವ ಬರ್ತಾನೆ, ಆಮೇಲೆ ಒಮ್ಮೆಲೇ ಊರಿಗೆ ಊರೇ ಕೂಗಿದ ಹಾಗೆ ಕೋರಸ್. ಒಂದಿನ ತಡೀಲಿಕ್ಕೆ ಆಗ್ದೆ ಹೋಗಿ ಕೇಳ್ದೆ. ಅಜ್ಜ ಖುಷಿಯಾಗಿ ಒಂದು ಗಂಟೆ ಕೂರಿಸ್ಕೊಂಡ್ರು, ಹ್ಯಾಂಬರ್ಗ್ ಬಂದರಲ್ಲಿ ತಗೊಂಡ ಹಳೇ ಕ್ಯಾಸೆಟ್ ತೋರಿಸಿದ್ರು, ಈಗ ಕ್ಯಾಸೆಟ್ ಪ್ಲೇಯರ್ ಇಲ್ಲ, ಮೊಮ್ಮಗ ಮೊಬೈಲಲ್ಲಿ ಹುಡುಕಿ ಕೊಟ್ಟಿದ್ದಾನಂತೆ. ಹಾಡೋರ ಹೆಸ್ರು ಪೀಟರ್ ಶ್ರೈಯರ್. ವಿಡಿಯೋದಲ್ಲಿ ನೋಡಿದ್ರೆ ಆ ಮನುಷ್ಯ ತಾನೇ ಹಾಡ್ತಾನೆ, ತಾನೇ ಕೈ ಬೀಸಿ ಇಡೀ ಆರ್ಕೆಸ್ಟ್ರಾ ನಡೆಸ್ತಾನೆ.

ನನ್ನ ಪ್ರಶ್ನೆ ಸಿಂಪಲ್. ಇವ್ರು ಸಿನಿಮಾಕ್ಕೆ ಹಾಡೋರಲ್ಲ, ಮೂನ್ನೂರು ವರ್ಷ ಹಳೇ ದೇವರ ಸಂಗೀತ ಮಾತ್ರ. ಇದೊಂದು ಕರಿಯರ್ ಆಗೋದು ಹೇಗೆ? ಹೊಟ್ಟೆಪಾಡು ನಡೀತದಾ? ಮತ್ತೆ ಆ ತಾಳ ಇಲ್ದೆ ಹೇಳೋದಕ್ಕೆ ಎಂತ ಹೆಸ್ರು? ಅಜ್ಜಂಗೆ ಇಷ್ಟೆಲ್ಲ ಕೇಳಿದ್ರೆ ಮತ್ತೆ ಮೊದಲಿಂದ ಕ್ಯಾಸೆಟ್ ಕಥೆ ಶುರು ಮಾಡ್ತಾರೆ, ಅದಕ್ಕೇ ಇಲ್ಲಿ ಕೇಳಿದ್ದು.

ಕುಮಟಾ_ಟು_ಲೈಪ್ಸಿಗ್:

ಅರೇ, ಕಾರವಾರದಲ್ಲಿ ಶ್ರೈಯರ್ ಕೇಳೋರು ಇದ್ದಾರಾ! ಆ ಅಜ್ಜಂಗೆ ನನ್ನ ಲೆಕ್ಕದಲ್ಲೂ ಒಂದು ನಮಸ್ಕಾರ ಹೇಳಿ.

ನಾನು ಲೈಪ್ಸಿಗ್‌ನಲ್ಲಿ ಓದಿದ್ದು ಕೆಮಿಸ್ಟ್ರಿ, ಸಂಗೀತ ಅಲ್ಲ, ಹಾಗಾಗಿ ತಪ್ಪಿದ್ರೆ ತಿದ್ದಿ. ಅಲ್ಲಿ ಥಾಮಸ್ ಚರ್ಚ್ ಅಂತ ಉಂಟು, ಅಜ್ಜ ಹಾಕೋ ಆ ಸಂಗೀತ ಬರೆದ ಬಾಖ್ 1723ರಿಂದ 1750ರಲ್ಲಿ ಸಾಯೋವರೆಗೆ ಕೆಲ್ಸ ಮಾಡಿದ ಜಾಗ, ಅವ್ರ ಸಮಾಧಿನೂ ಈಗ ಅಲ್ಲೇ ಒಳಗೆ. ಶುಕ್ರವಾರ ಸಂಜೆ 6ಕ್ಕೆ ಶನಿವಾರ ಮಧ್ಯಾಹ್ನ 3ಕ್ಕೆ ಹುಡುಗರ ತಂಡ ಹಾಡ್ತದೆ, ಎರಡ್ಮೂರು ಯೂರೋ ಕೊಟ್ಟು ಕಾರ್ಯಕ್ರಮದ ಹಾಳೆ ತಗೊಂಡ್ರೆ ಒಳಗೆ ಕೂರಬಹುದು. ನಾನು ಮೊದಲ ಚಳಿಗಾಲದಲ್ಲಿ ಬೆಚ್ಚಗಿರ್ತದೆ ಹೇಳಿ ಹೋದವ. ಒಳಗೆ ಹೊರಗಿಗಿಂತ ಚಳಿ ಮಾರಾಯ್ರೆ. ಆದ್ರೂ ಮುಂದಿನ ವಾರ ಮತ್ತೆ ಹೋದೆ.

ಶ್ರೈಯರ್ ಕಥೆ ಹೇಳ್ತೇನೆ, ಯಾಕಂದ್ರೆ ಅದ್ರಲ್ಲೇ ನಿಮ್ಮ ಅರ್ಧ ಉತ್ತರ ಉಂಟು. ಹುಟ್ಟಿದ್ದು 1935ರಲ್ಲಿ ಮೈಸೆನ್‌ನಲ್ಲಿ. ಅಪ್ಪ ಮಾಸ್ತರು, ಜೊತೆಗೆ ಹಳ್ಳಿ ಚರ್ಚಲ್ಲಿ ಆರ್ಗನ್ ನುಡಿಸೋರು, ಹಾಡಿಸೋರು. ಹುಡುಗ ಡ್ರೆಸ್ಡನ್‌ನ ಕ್ರೊಯ್ಟ್ಸ್ ಚರ್ಚ್ ಹುಡುಗರ ತಂಡಕ್ಕೆ ಸೇರಿದ, ಅದು ಸುಮಾರು 800 ವರ್ಷದ ಹಳೇ ತಂಡ. 1945 ಫೆಬ್ರವರಿಯಲ್ಲಿ ಬಾಂಬ್ ಬಿದ್ದು ಊರು ಸುಟ್ಟುಹೋಯ್ತು, ಚರ್ಚ್ ಸುಟ್ಟಿತು, ತಂಡದ ಕೆಲವು ಹುಡುಗರೂ ಸತ್ರು. ಅದಾಗಿ ಕೆಲವೇ ತಿಂಗಳಿಗೆ ಈ ಹುಡುಗ ಅವ್ರ ಹಾಸ್ಟೆಲ್‌ಗೆ ಬಂದು ಸೇರಿದ್ದು. ಹತ್ತು ತುಂಬ್ಲಿಕ್ಕೆ ಸ್ವಲ್ಪ ಬಾಕಿ. ತಂಡದ ಗುರು ರುಡಾಲ್ಫ್ ಮೌವರ್ಸ್‌ಬರ್ಗರ್, ಹುಡುಗನ ದನಿ ಕೇಳಿ ಅವನಿಗಂತಲೇ ಬರೆದು ಹಾಡಿಸಿದ್ರು. ಆಗ ಅವನದ್ದು ಹುಡುಗರ ಆಲ್ಟೋ ದನಿ (ಹುಡುಗರಲ್ಲಿ ಕೆಳಗಿನದ್ದು), ಹದಿನಾರಕ್ಕೆ ಟೆನರ್ ಆಯ್ತು. ಆಮೇಲೆ ಡ್ರೆಸ್ಡನ್‌ನಲ್ಲೇ ಕಾಲೇಜು, ಹಾಡಿನ ಜೊತೆ ಕಂಡಕ್ಟಿಂಗ್ ಸಹ ಕಲ್ತ, 1959ರಲ್ಲಿ ಒಪೆರಾದಲ್ಲಿ (ಹಾಡಿನ ನಾಟಕ) ಸಣ್ಣ ಕೈದಿ ಪಾತ್ರದಿಂದ ಶುರು. 1963ರಿಂದ ಬರ್ಲಿನ್ ಸ್ಟೇಟ್ ಒಪೆರಾ.

ಹಾಗಾಗಿ ಬರೀ ಚರ್ಚ್ ಸಂಗೀತ ಅನ್ನೋದು ಪೂರ್ತಿ ಸರಿ ಅಲ್ಲ. ಮೊಜಾರ್ಟ್ ಒಪೆರಾ, ಶೂಬರ್ಟ್ ಹಾಡು ಎಲ್ಲ ಹಾಡಿದ್ದಾರೆ. ಆದ್ರೆ ಜನ ನೆನಪಿಟ್ಕೊಂಡಿದ್ದು ಬಾಖ್‌ನ ಇವಾಂಜೆಲಿಸ್ಟ್ ಅಂತ. ಇವಾಂಜೆಲಿಸ್ಟ್ ಅಂದ್ರೆ ಸುವಾರ್ತೆ ಬರೆದವ, ಯೇಸುವಿನ ಕೊನೆ ದಿನಗಳ ಕಥೆ ಹೇಳೋನು. ನೀವು ಗೋಡೆ ಆಚೆಯಿಂದ ಕೇಳಿದ ಏರು ದನಿ ಅವನೇ. ದಪ್ಪ ದನಿ ಯೇಸು. ಊರಿಗೆ ಊರೇ ಕೂಗಿದ್ದು ಜನಸಮೂಹ.

ಈಗ ಹೊಟ್ಟೆಪಾಡು. ಜರ್ಮನಿಯಲ್ಲಿ ಚರ್ಚ್ ಸದಸ್ಯರು ಇನ್‌ಕಮ್ ಟ್ಯಾಕ್ಸಿನ ಮೇಲೆ 8 ಅಥವಾ 9 ಪರ್ಸೆಂಟ್ ಚರ್ಚ್ ತೆರಿಗೆ ಕಟ್ತಾರೆ, ಸರ್ಕಾರವೇ ಹಿಡ್ಕೊಂಡು ಚರ್ಚಿಗೆ ಕೊಡ್ತದೆ. ಆ ದುಡ್ಡಲ್ಲಿ ದೊಡ್ಡ ಚರ್ಚುಗಳಿಗೆಲ್ಲ ಸಂಬಳದ ಸಂಗೀತ ಮುಖ್ಯಸ್ಥ ಇರ್ತಾನೆ, ಕಾಂಟೊರ್ ಅಂತಾರೆ. ಊರಿನ ಡಾಕ್ಟ್ರು, ಮಾಸ್ತರು, ಅಂಗಡಿಯವ್ರು ಎಲ್ಲ ಸೇರಿ ಪುಕ್ಕಟೆ ಕೋರಸ್ ಹಾಡ್ತಾರೆ, ವಾರಕ್ಕೊಂದು ಸಂಜೆ ಪ್ರಾಕ್ಟೀಸ್. ಆದ್ರೆ ಒಂಟಿಯಾಗಿ ಹಾಡೋ ನಾಲ್ಕೈದು ಜನ ಮಾತ್ರ ವೃತ್ತಿಯವ್ರೇ ಬೇಕು, ಅವ್ರನ್ನ ದುಡ್ಡು ಕೊಟ್ಟು ಹೊರಗಿಂದ ಕರೆಸ್ತಾರೆ. ಬಂದು ಒಂದು ರಿಹರ್ಸಲ್, ರಾತ್ರಿ ಕಛೇರಿ, ಬೆಳಿಗ್ಗೆ ರೈಲು ಹತ್ತಿ ಮುಂದಿನ ಊರು. ಡಿಸೆಂಬರಲ್ಲಿ ಎಲ್ಲ ಊರಿಗೂ ಬಾಖ್‌ನ ಕ್ರಿಸ್ಮಸ್ ಒರಟೋರಿಯೋ (ವೇಷ ಇಲ್ದೆ ಹಾಡಲ್ಲೇ ಹೇಳೋ ದೇವರ ಕಥೆ) ಬೇಕು, ಮಾರ್ಚ್ ಏಪ್ರಿಲ್‌ನಲ್ಲಿ ಎಲ್ಲ ಊರಿಗೂ ಪ್ಯಾಶನ್ (ಯೇಸುವಿನ ಯಾತನೆಯ ಕಥೆ, ಅಜ್ಜ ಹಾಕೋದು ಅದೇ) ಬೇಕು. ಎರಡಕ್ಕೂ ಟೆನರ್ ಇಲ್ದೆ ಆಗೂದೇ ಇಲ್ಲ. ಸೊಪ್ರಾನೋ (ಹೆಂಗಸರ ಮೇಲಿನ ದನಿ) ಸಿಕ್ಕಷ್ಟು ಸುಲಭಕ್ಕೆ ಒಳ್ಳೆ ಟೆನರ್ ಸಿಗೂದಿಲ್ಲ ಅನ್ನೋದು ಅಲ್ಲಿ ಹಾಡೋರ ಬಾಯಲ್ಲೆಲ್ಲ ಇರೋ ಮಾತು. ಉಳಿದ ತಿಂಗಳು? ಕೆಲವ್ರು ರೇಡಿಯೋ ಕೋರಸ್‌ಗಳಲ್ಲಿ ಸಂಬಳಕ್ಕೆ, ಕೆಲವ್ರು ಒಪೆರಾ ಹೌಸಲ್ಲಿ, ಹೆಸ್ರು ಮಾಡಿದವ್ರು ಕಾಲೇಜಲ್ಲಿ ಪಾಠಕ್ಕೆ. ಕ್ರಿಸ್ಟೋಫ್ ಪ್ರೆಗಾರ್ಡಿಯನ್ ಅಂತ ಇನ್ನೊಬ್ರು (1956ರವ್ರು, ಅವ್ರೂ ಲಿಂಬುರ್ಗ್ ಕೆಥೆಡ್ರಲ್‌ನ ಹುಡುಗರ ತಂಡದಿಂದ ಬಂದವ್ರೇ) ಕೊಲೋನ್‌ನಲ್ಲಿ ಪ್ರೊಫೆಸರ್ ಆದ್ರು, ಮಗ ಯೂಲಿಯಾನ್ ಸಹ ಟೆನರ್, ಮಗನೂ ಅದೇ ಇವಾಂಜೆಲಿಸ್ಟ್ ಹಾಡ್ತಾನೆ.

ಮದ್ದಳೆ_ಮನೆ:

ಮೇಲಿನದು ಓದಿ ಒಬ್ಬನೇ ಕೂತು ನಗಾಡಿದೆ. ಡಿಸೆಂಬರ್ ಹಿಡಿದು ಏಪ್ರಿಲ್ ವರೆಗೆ ಊರೂರು ತಿರುಗೂದು, ರಾತ್ರಿ ಹಾಡೂದು, ಬೆಳಿಗ್ಗೆ ಗಾಡಿ ಹತ್ತೂದು, ಮಳೆಗಾಲದಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳೂದು. ಇದು ಪಕ್ಕಾ ಮೇಳದ ತಿರುಗಾಟ, ಹೆಸ್ರೊಂದು ಬದ್ಲು!

ನಾನು ಹೊನ್ನಾವರ ಬದಿಯವ, ಮನೇಲಿ ಅಪ್ಪ ಮದ್ದಳೆ. ಕಾಳಿನದಿಯವ್ರೇ, ನೀವು ಸಿರ್ಸಿಯವ್ರಾಗಿ ಇದನ್ನ ಗುರ್ತು ಹಿಡೀಲಿಲ್ಲ ಅಂದ್ರೆ ಆಶ್ಚರ್ಯ. ಆ ಇವಾಂಜೆಲಿಸ್ಟ್ ಭಾಗವತ ಅಲ್ದೆ ಮತ್ತೆಂತ? ಕಥೆ ಅವನದ್ದು, ಆದ್ರೆ ಕಥೆ ಒಳಗೆ ಅವ ಇಲ್ಲ. "ಆಗ ಯೇಸು ಅವರಿಗೆ ಹೇಳಿದನು" ಅಂತ ಇವ ಹಾಡಿ ನಿಲ್ಲಿಸ್ತಾನೆ, ಯೇಸು ಮಾತು ಶುರು ಆಗ್ತದೆ. ನಮ್ಮ ಪ್ರಸಂಗದಲ್ಲಿ "ಎಂದನು" ಅಂತ ಪದ್ಯ ಮುಗಿಸಿ ಜಾಗಟೆಗೆ ಹೊಡೆದ ಕೂಡ್ಲೇ ವೇಷ ಬಾಯಿ ತೆಗೆದ ಹಾಗೆ. ಭಾಗವತನೇ ಮೊದಲನೇ ವೇಷಧಾರಿ ಅಂತ ನಮ್ಮಲ್ಲಿ ಹೇಳೂದು ಸುಮ್ನೆ ಅಲ್ಲ. ತಾನೇ ಹಾಡಿ ತಾನೇ ಇಡೀ ಹಿಮ್ಮೇಳ ನಡೆಸೂದು ನೋಡಿ ನೀವು ಬೆರಗಾದ್ರಿ, ನಮ್ಮ ನೆಬ್ಬೂರು ನಾರಾಯಣ ಭಾಗವತರು ಕೆರೆಮನೆ ಮೇಳದಲ್ಲಿ ದಶಕಗಟ್ಲೆ ಮಾಡಿದ್ದು ಅದನ್ನೇ ಅಲ್ವಾ?

ಇನ್ನೊಂದು. ತಾಳ ಇಲ್ದೆ ಹೇಳೂದು ಅಂದ್ರಲ್ಲ, ನಮ್ಮಲ್ಲೂ ಭಾಮಿನಿ, ಕಂದ, ವೃತ್ತ ಬಂದಾಗ ತಾಳ ಬಿಟ್ಟು ರಾಗದಲ್ಲೇ ಮಾತು ಹೇಳ್ತಾ ಹೋಗೂದು. ಆಮೇಲೆ ಪದ್ಯಕ್ಕೆ ತಾಳ ಹಿಡೀತದೆ. ಅವ್ರಲ್ಲೂ ಹಾಗೇ ಇರ್ಬೇಕು, ಲೈಪ್ಸಿಗ್‌ನವ್ರು ಹೇಳಲಿ. ವೇಷಭೂಷಣ ಇಲ್ಲ, ಕೋಟು ಹಾಕಿ ನಿಂತು ಬರೀ ಹೇಳೂದು ಅಂದ್ರೆ ಆಟಕ್ಕಿಂತ ತಾಳಮದ್ದಳೆಗೇ ಹತ್ರ.

ಚಂಡೆ_ಪೆಟ್ಟು:

ತಮ್ಮ, ಖುಷಿಯಲ್ಲಿ ಎಲ್ಲದನ್ನೂ ಯಕ್ಷಗಾನ ಮಾಡ್ಬೇಡ. ನಾನೂ ಆ ವಿಡಿಯೋ ನೋಡಿದೆ, ಒಂದು ಹತ್ತು ನಿಮಿಷ. ಭಾಗವತ ವೇಷಧಾರಿ ಮುಖ ನೋಡಿ ಪದ್ಯ ಎಳೀತಾನೆ, ಬೇಡ ಅನ್ನಿಸಿದ್ರೆ ಎರಡು ಪದ್ಯ ಹಾರಿಸ್ತಾನೆ, ಜನ ತೂಕಡಿಸಿದ್ರೆ ಕಾಲ ಏರಿಸ್ತಾನೆ. ಅವ್ರಿಗೆ ಬಾಖ್ ಬರೆದಿಟ್ಟ ಸ್ವರ ಬಿಟ್ಟು ಒಂದಿಂಚು ಆಚೆ ಹೋಗ್ಲಿಕ್ಕೆ ಉಂಟಾ? ಮೂನ್ನೂರು ವರ್ಷದಿಂದ ಅದೇ ಸ್ವರ. ಚಂದ ಇದ್ರೂ ಅದು ಪಾಠ ಒಪ್ಪಿಸಿದ ಹಾಗೆ.

ಹೋಲಿಸ್ಲೇಬೇಕು ಅಂದ್ರೆ ಒಂದು ಹೋಲಿಕೆ ನಾನೂ ಹೇಳ್ತೆ. ಅವ್ರಲ್ಲಿ ಫ್ರಿಟ್ಸ್ ವುಂಡರ್ಲಿಖ್ ಅಂತೊಬ್ಬ ಟೆನರ್ ಇದ್ದನಂತೆ, 1966ರಲ್ಲಿ ಮೆಟ್ಟಿಲಿಂದ ಬಿದ್ದು ಹೋದ, 36 ತುಂಬ್ಲಿಕ್ಕೆ ಹತ್ತು ದಿನ ಇರ್ಲಿಲ್ಲ. ಇವತ್ತಿಗೂ ಜನ ಅವನ ದನಿ ಅಂದ್ರೆ ಸಾಯ್ತಾರೆ. ನಮ್ಮ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದ ಸುದ್ದಿ ಬಂದ ದಿನ ನಂಗೆ ಹತ್ತು ವರ್ಷ, ಮನೇಲಿ ಯಾರೂ ಊಟ ಮಾಡ್ಲಿಲ್ಲ. ಅದು ಹೋಲಿಕೆ. ಉಳಿದದ್ದು ಬಿಡಿ.

ಕುಮಟಾ_ಟು_ಲೈಪ್ಸಿಗ್:

ಚಂಡೆಯವ್ರೇ, ಸ್ವರ ಬರೆದಿಟ್ಟದ್ದು ಹೌದು, ಹಾರಿಸ್ಲಿಕ್ಕೆ ಆಗೂದಿಲ್ಲ ಅದೂ ಹೌದು. ಆದ್ರೆ ಕಾಲ ಬರೆದಿಟ್ಟದ್ದಲ್ಲ. ಆ ಭಾಗಕ್ಕೆ ರೆಸಿಟೆಟಿವ್ ಅಂತಾರೆ, ಮದ್ದಳೆಮನೆಯವ್ರು ಭಾಮಿನಿ ಅಂದಿದ್ದು ಅಡ್ಡಿಲ್ಲ, ತುಂಬಾ ಹತ್ರ ಬಂತು. ಹಾಳೆ ಮೇಲೆ ಸ್ವರಕ್ಕೆ ಅಳತೆ ಇದ್ರೂ ಹಾಡೋನು ಮಾತಿನ ತೂಕಕ್ಕೆ ತಕ್ಕ ಹಾಗೆ ಎಳೀತಾನೆ, ಓಡ್ತಾನೆ, ನಿಲ್ತಾನೆ. ಕೆಳಗೆ ಒಂದು ಚೆಲ್ಲೋ, ಒಂದು ಆರ್ಗನ್ ಅಷ್ಟೇ. ಆರ್ಗನ್‌ನವ್ನಿಗೆ ಬಾಖ್ ಪೂರ್ತಿ ಬರೆದು ಕೊಟ್ಟಿಲ್ಲ, ಕೆಳಗಿನ ಸ್ವರ ಒಂದು, ಅದ್ರ ಮೇಲೆ ಅಂಕೆಗಳು, ಉಳಿದದ್ದು ಅವ ಅಲ್ಲೇ ತುಂಬ್ಕೊಳ್ಳೂದು, ಹಾಡೋನ ಉಸಿರು ನೋಡ್ಕೊಂಡು. ಒಂದೇ ಇವಾಂಜೆಲಿಸ್ಟ್ ಭಾಗ ಮೂರು ಜನರಲ್ಲಿ ಕೇಳಿ ನೋಡಿ, ಮೂರು ಬೇರೆ ಕಥೆ ಕೇಳಿದ ಹಾಗಿರ್ತದೆ.

ಇನ್ನೊಂದು ಸಣ್ಣ ವಿಷಯ, ನಂಗೆ ಬಹಳ ಇಷ್ಟ ಆದದ್ದು. ಮತ್ತಾಯನ ಸುವಾರ್ತೆ ಇಟ್ಕೊಂಡು ಬಾಖ್ ಬರೆದ ಮ್ಯಾಥ್ಯೂ ಪ್ಯಾಶನ್‌ನಲ್ಲಿ ಯೇಸು ಬಾಯಿ ತೆಗೆದಾಗೆಲ್ಲ ಹಿಂದೆ ಪಿಟೀಲುಗಳು ಮೆಲ್ಲಗೆ ಹಿಡೀತಾವೆ, ದೇವರ ಫೋಟೋದಲ್ಲಿ ತಲೆ ಹಿಂದೆ ಪ್ರಭಾವಳಿ ಇರ್ತದಲ್ಲ ಹಾಗೆ. ಇವಾಂಜೆಲಿಸ್ಟಿಗೆ ಅದು ಇಲ್ಲ. ಕೊನೆಗೆ ಶಿಲುಬೆ ಮೇಲೆ "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ" ಅಂತ ಕೂಗೋ ಒಂದು ಜಾಗದಲ್ಲಿ ಮಾತ್ರ ಯೇಸುವಿಗೂ ಪಿಟೀಲು ಇಲ್ಲ. ಪ್ರಭಾವಳಿ ಆರಿಹೋಗ್ತದೆ. ಆಮೇಲೆ ದೇವಸ್ಥಾನದ ಪರದೆ ಹರಿಯೋ ಜಾಗದಲ್ಲಿ ಕೆಳಗಿನ ಚೆಲ್ಲೋ ಮೇಲಿಂದ ಕೆಳಗೆ ಬಟ್ಟೆ ಹರಿದ ಹಾಗೇ ಓಡ್ತದೆ. ಅದ್ರ ಮೇಲೆ ಟೆನರ್ ಒಬ್ಬನೇ ನಿಂತು ಸುದ್ದಿ ಹೇಳ್ಬೇಕು.

ಇಗರ್ಜಿ_ಗಂಟೆ:

ಕಾರವಾರದವಳೇ. ಎರಡು ಮಾತು ಸೇರಿಸ್ತೇನೆ, ಬೇಜಾರಿಲ್ಲ ಅಲ್ವಾ.

ಒಂದು, ಬಾಖ್ ಲೂಥರನ್, ನಾವು ಕ್ಯಾಥೊಲಿಕ್. ನಮ್ಮ ಇಗರ್ಜಿಯಲ್ಲಿ ಬಾಖ್ ಪ್ಯಾಶನ್ ಹಾಡೂದಿಲ್ಲ, ಅಜ್ಜ ಕೇಳೂದು ಅವ್ರ ಸ್ವಂತ ಭಕ್ತಿಗೆ. ಎರಡು, ಈ ಕಥೆ ಹೇಳೋನು ಬಾಖ್ ಹುಟ್ಟಿಸಿದ್ದಲ್ಲ. ಶುಭ ಶುಕ್ರವಾರ ನಮ್ಮಲ್ಲಿ ಯೊವಾನ್ನನ ಸುವಾರ್ತೆಯ ಯಾತನೆಯ ಕಥೆ ಓದುವಾಗ ಮೂರು ಪಾಲು ಮಾಡ್ತಾರೆ, ಒಬ್ರು ಕಥೆ ಹೇಳೋರು, ಒಬ್ರು ಯೇಸುವಿನ ಮಾತು, ಒಬ್ರು ಉಳಿದ ಎಲ್ರ ಮಾತು. ಹಿಂದೆ ಇದನ್ನ ಹಾಡಿನಲ್ಲೇ ಹೇಳ್ತಿದ್ರು, ಯೇಸುವಿಗೆ ಕೆಳಗಿನ ದನಿ, ಕಥೆಗಾರನಿಗೆ ನಡು ದನಿ, ಜನರಿಗೆ ಮೇಲಿನ ದನಿ. ಬಾಖ್ ಬರೋ ಎಷ್ಟೋ ಶತಮಾನದ ಮುಂಚೆ. ಹೋದ ವರ್ಷ ಕಥೆ ಹೇಳೋ ಪಾಲು ನಂಗೆ ಬಂದಿತ್ತು. ಪೇತ್ರ ಮೂರು ಸಲ ಗೊತ್ತಿಲ್ಲ ಅಂತಾನೆ, ಕೋಳಿ ಕೂಗ್ತದೆ, ಅಲ್ಲಿಗೆ ಬಂದಾಗ ನನ್ನ ದನಿ ನಡುಗಿತು. ಫಾದರ್ ಆಮೇಲೆ ಹೇಳಿದ್ರು, ನೀನು ಅಳಬಾರ್ದು ಮಗಾ, ನೀನು ಹೇಳೋಳು ಅಷ್ಟೇ.

ಮತ್ತೆ ಆ ಗುರುವಾರದಿಂದ ಈಸ್ಟರ್ ಜಾಗರಣೆ ವರೆಗೆ ನಮ್ಮಲ್ಲಿ ಗಂಟೆ ಹೊಡೆಯೂದಿಲ್ಲ, ಮರದ ಗಿಲಕಿ ಮಾತ್ರ. ಲೈಪ್ಸಿಗ್‌ನಲ್ಲೂ ಬಾಖ್ ಕಾಲದಲ್ಲಿ ಈ 40 ದಿನ ದೊಡ್ಡ ಸಂಗೀತ ಬಂದ್ ಅಂತ ಓದಿದ್ದೆ, ಹೌದಾ?

ಕುಮಟಾ_ಟು_ಲೈಪ್ಸಿಗ್:

ಹೌದು, ಅದಕ್ಕೇ ಅವ್ರಿಗೆ ಬರೀಲಿಕ್ಕೆ ಪುರ್ಸೊತ್ತು ಸಿಕ್ಕಿದ್ದು! ಬೇರೆ ದಿನಗಳಲ್ಲಿ ವಾರ ವಾರ ಹೊಸ ಸಂಗೀತ ಮಾಡ್ಬೇಕಿತ್ತು, ಆ ಬಂದ್‌ನಲ್ಲಿ ಕೂತು ಶುಭ ಶುಕ್ರವಾರದ ಪ್ಯಾಶನ್ ತಯಾರು. ಜಾನ್ ಪ್ಯಾಶನ್ 1724, ಮ್ಯಾಥ್ಯೂ 1727. ಸತ್ಮೇಲೆ ಮ್ಯಾಥ್ಯೂ ಮೂಲೆ ಸೇರಿತ್ತು, 1829ರಲ್ಲಿ ಮೆಂಡೆಲ್ಸನ್ ಅನ್ನೋ ಇಪ್ಪತ್ತು ವರ್ಷದ ಹುಡುಗ ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದ. ಅದಿಲ್ದಿದ್ರೆ ಈ ಟೆನರ್ ಕರಿಯರ್ ಅನ್ನೋದೇ ಇರ್ತಿರ್ಲಿಲ್ಲ.

ತೋಟದ_ಮನೆ_ಸಿರ್ಸಿ:

ನಾನು ಹಿಂದೂಸ್ತಾನಿ ಕಲೀತಾ ಇದ್ದವ, ದನಿ ಬಗ್ಗೆ ಮಾತ್ರ ಹೇಳ್ತೆ. ಟೆನರ್ ಅಂದ್ರೆ ಗಂಡಸರ ಮೇಲಿನ ದನಿ. ಇವಾಂಜೆಲಿಸ್ಟ್ ಭಾಗ ಇಡೀ ಆ ಮೇಲಿನ ಪಟ್ಟಿಯಲ್ಲೇ ಓಡಾಡ್ತದೆ, ಅದೂ ಕೂಗದೆ, ಅಕ್ಷರ ಅಕ್ಷರ ತಿಳಿಯೋ ಹಾಗೆ. ಇಡೀ ಮ್ಯಾಥ್ಯೂ ಸುಮಾರು ಎರಡೂಮುಕ್ಕಾಲು ಗಂಟೆ. ಬಾಖ್ ಕಾಲದ ಹಾಳೆ ನೋಡಿದ್ರೆ ಇವಾಂಜೆಲಿಸ್ಟ್ ಮಾತ್ರ ಅಲ್ಲ, ಅದೇ ಟೆನರಿಗೆ ಕೋರಸ್, ಆರಿಯಾ (ತಾಳ ಹಿಡಿದ ಒಂಟಿ ಹಾಡು) ಎಲ್ಲ ಒಂದೇ ಪುಸ್ತಕದಲ್ಲಿ ಬರೆದಿದೆ. ಈಗ ಹೆಚ್ಚಾಗಿ ಆರಿಯಾಕ್ಕೆ ಬೇರೆ ಟೆನರ್ ಇಡ್ತಾರೆ, ಬುದ್ಧಿವಂತರು.

ಶ್ರುತಿ ಸಂಗತಿ ಮಜಾ ಇದೆ. ಈಗಿನ ಆರ್ಕೆಸ್ಟ್ರಾ 440ಕ್ಕೆ (ಸೆಕೆಂಡಿಗೆ ಅಷ್ಟು ಕಂಪನ) ಅಥವಾ ಸ್ವಲ್ಪ ಮೇಲೆ ಕೂಡಿಸ್ತಾರೆ, ಹಳೇ ಕಾಲದ ವಾದ್ಯದವ್ರು 415ಕ್ಕೆ. ಅಂದ್ರೆ ಹಾರ್ಮೋನಿಯಂನಲ್ಲಿ ಒಂದು ಮನೆ ಕೆಳಗೆ. ನಮ್ಮ ಭಾಗವತರು ಇವತ್ತು ಗಂಟಲು ಸರಿ ಇಲ್ಲ ಅಂತ ಕಪ್ಪು ಎರಡು ಬಿಟ್ಟು ಬಿಳಿಗೆ ಇಳಿದ ಹಾಗೆ, ಆದ್ರೆ ಇಲ್ಲಿ ಇಡೀ ಆರ್ಕೆಸ್ಟ್ರಾನೇ ಇಳೀತದೆ. ಪ್ರೆಗಾರ್ಡಿಯನ್ ಅವ್ರದ್ದು ಲಿಯೊನ್‌ಹಾರ್ಟ್ ನಡೆಸಿದ ರೆಕಾರ್ಡಿಂಗ್ ಹಳೇ ವಾದ್ಯದ್ದು, ಶ್ರೈಯರ್ ಮೌವರ್ಸ್‌ಬರ್ಗರ್ ಅಣ್ಣ ತಮ್ಮಂದಿರ ಜೊತೆ 1970ರಲ್ಲಿ ಮಾಡಿದ್ದು ಹೊಸ ವಾದ್ಯದ್ದು. ಎರಡೂ ಕೇಳಿ. ನಂಗೆ ಶ್ರೈಯರ್ ದನಿ ಮೊದಮೊದಲು ಸ್ವಲ್ಪ ಮೂಗಿನದ್ದು ಅನ್ನಿಸ್ತು, ಚಂದದ ದನಿ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಆಮೇಲೆ ತಿಳೀತು, ಅವ್ರು ಚಂದ ಹಾಡ್ಲಿಕ್ಕೆ ನಿಂತವ್ರೇ ಅಲ್ಲ, ಹೇಳ್ಲಿಕ್ಕೆ ನಿಂತವ್ರು.

ಒಪೆರಾ 2000ದಲ್ಲಿ ಬಿಟ್ರು, ಹುಡುಗ ರಾಜಕುಮಾರನ ವೇಷ ಈ ವಯಸ್ಸಿಗೆ ಸಾಕು ಅಂತ. ಬಾಖ್ ಮಾತ್ರ 2005 ಡಿಸೆಂಬರ್ ತನಕ, 70 ತುಂಬಿದ ಮೇಲೆ, ಪ್ರಾಗ್‌ನಲ್ಲಿ ಕ್ರಿಸ್ಮಸ್ ಒರಟೋರಿಯೋ, ತಾನೇ ಹಾಡಿ ತಾನೇ ನಡೆಸಿ ಅಲ್ಲಿಗೆ ಹಾಡು ನಿಲ್ಲಿಸಿದ್ರು. ತೀರಿಕೊಂಡದ್ದು 2019ರ ಡಿಸೆಂಬರ್ 25, ಕ್ರಿಸ್ಮಸ್ ದಿನ.

ಚಂಡೆ_ಪೆಟ್ಟು:

70ಕ್ಕೆ ಏರು ದನೀಲಿ ಎರಡೂವರೆ ಗಂಟೆ. ಸರಿ, ಭಾಗವತ ಅಂತ ಒಪ್ದೆ. ಅರ್ಧ.

ಕಾಳಿನದಿ_ದಂಡೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರ್ತದೆ ಅಂದ್ಕೊಂಡಿರ್ಲಿಲ್ಲ. ಅಪ್ಡೇಟ್ ಒಂದು ಉಂಟು.

ಶನಿವಾರ ಊರಿಗೆ ಹೋಗಿದ್ದೆ. ಕರೆಂಟಿಲ್ಲ, ಮಳೆ, ಅಪ್ಪಯ್ಯ ಜಗಲಿ ಮೇಲೆ ಅಡಿಕೆ ಸುಲೀತಾ ಕೂತಿದ್ರು. ಇಗರ್ಜಿ ಗಂಟೆಯವ್ರು ಹೇಳಿದ ಪೇತ್ರನ ಜಾಗ ಮೊಬೈಲಲ್ಲಿ ಡೌನ್‌ಲೋಡ್ ಮಾಡಿಟ್ಕೊಂಡಿದ್ದೆ, ಯಾರು ಏನು ಅಂತ ಹೇಳ್ದೆ ಸುಮ್ನೆ ಹಾಕ್ದೆ. ಅಪ್ಪಯ್ಯಂಗೆ ಜರ್ಮನ್ ಬಿಡಿ ಇಂಗ್ಲಿಷೂ ಬರೂದಿಲ್ಲ. ಕೋಳಿ ಕೂಗೋ ಜಾಗ ಬಂತು, ಆಮೇಲೆ "ಹೊರಗೆ ಹೋಗಿ ಬಹಳ ವ್ಯಥೆಪಟ್ಟು ಅತ್ತನು" ಅನ್ನೋ ಸಾಲು ಬರ್ತದಲ್ಲ, ಶ್ರೈಯರ್ ಆ ಅತ್ತನು ಅನ್ನೋ ಶಬ್ದವನ್ನ ಎಳೆದು ಎಳೆದು ಮೇಲೆ ಹೋಗಿ ಮೆಲ್ಲಗೆ ಕೆಳಗಿಳಿಸಿದ್ರು. ಅಪ್ಪಯ್ಯನ ಕೈ ನಿಂತು ಹೋಯ್ತು. ಒಂದು ಗಳಿಗೆ ಬಿಟ್ಟು ಕೇಳಿದ್ರು, "ಭಾಮಿನಿ ಹೇಳ್ದಾಂಗೇ ಇದ್ದು ತಮಾ, ಮುಂದೆ ಪದ್ಯ ಬತ್ತಾ ಇಲ್ಯಾ?"

ಅವ್ರು ಹಾಗೆ ಕೇಳಿ ಮುಗಿಸ್ಲಿಕ್ಕೂ ಮುಂದಿನ ಆರಿಯಾದ ಒಂಟಿ ಪಿಟೀಲು ಎತ್ಕೊಳ್ಲಿಕ್ಕೂ ಸರಿ ಆಯ್ತು.

ಪೂರ್ತಿ ಕೇಳ್ಲಿಲ್ಲ ಮತ್ತೆ, ಶಿಲುಬೆ ತನಕ ಹೋಗೂ ಮುಂಚೆ ಬ್ಯಾಟರಿ ಸತ್ತಿತು. ಮದ್ದಳೆಮನೆಯವ್ರೇ, ಇದು ಎಷ್ಟನೇ ನಿಮಿಷ ಅಂತ ಕೇಳ್ಬೇಡಿ, ಅಜ್ಜನ ಹತ್ರ ಕೇಳಿ ಬರೀತೇನೆ, ಅವ್ರಿಗೆ ಕ್ಯಾಸೆಟ್ಟಿನ ಯಾವ ಬದಿ ಅಂತ ಮಾತ್ರ ಗೊತ್ತು.